ಗುಡುಗಿಗೆ ಮೊಟ್ಟೆ ಕೆಡುತ್ತದೆಯೇ?

ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂಥ ಊರಿನ ಹಿತ್ತಿಲೊಂದನ್ನು ಕಲ್ಪಿಸಿಕೊಳ್ಳಿ. ಭರಣಿ ಮಳೆಯ ಕಾಲ. ನಾಟಿ ಕೋಳಿಯೊಂದನ್ನು ಹನ್ನೆರಡು ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸಿದ್ದಾರೆ. ಸಂಜೆಯ ಹೊತ್ತು ಗುಡುಗು ಸಿಡಿಲಿನ ಆರ್ಭಟ. ಇಪ್ಪತ್ತೊಂದು ದಿನಗಳ ನಂತರ ನೋಡಿದರೆ ಮರಿಯಾದದ್ದು ನಾಲ್ಕು; ಉಳಿದವು ಕೊಳೆತ ಮೊಟ್ಟೆಗಳು. 'ಗುಡುಗಿಗೆ ಮೊಟ್ಟೆ ಕೆಟ್ಟವು' ಎನ್ನುತ್ತಾರೆ ಮನೆಯ ಅಜ್ಜಿ. ಮುಂದಿನ ಸಲ ಕಾವಿನ ಮಂಕರಿಯಲ್ಲಿ ಒಂದು ಕಬ್ಬಿಣದ ಚೂರನ್ನೂ ಇದ್ದಿಲನ್ನೂ ಇಡುತ್ತಾರೆ.

ಆ ಮನೆಯ ಹುಡುಗಿ ಮರುದಿನ ತರಗತಿಯಲ್ಲಿ ನಿಮ್ಮನ್ನು ಕೇಳಿದರೆ ಏನು ಹೇಳುತ್ತೀರಿ? 'ಅದು ಮೂಢನಂಬಿಕೆ' ಎಂದು ತಳ್ಳಿಹಾಕುವುದು ಸುಲಭ. ಆದರೆ ಎಂಟು ಮೊಟ್ಟೆ ಕೆಟ್ಟದ್ದು ನಿಜ. ಹಿತ್ತಿಲ ಕೋಳಿ ಎಂದರೆ ಮನೆಯ ಹೆಂಗಸರ ಕೈಖರ್ಚಿನ ಹಣ. ಆ ನಷ್ಟವೂ ನಿಜ. ಗುಡುಗಿನ ಕಾಲದಲ್ಲಿ ಮೊಟ್ಟೆ ಹೆಚ್ಚು ಕೆಡುತ್ತದೆ ಎಂಬ ಅಜ್ಜಿಯ ವೀಕ್ಷಣೆ ಸರಿಯಾಗಿಯೇ ಇರಬಹುದು. ತಪ್ಪಿರುವುದು ಕಾರಣದಲ್ಲಿ. ಸರಿಯಾದ ಕಾರಣವನ್ನು ಹುಡುಕಲು ಕಾವಿನ ಭೌತವಿಜ್ಞಾನವನ್ನು ಸ್ವಲ್ಪ ನೋಡಬೇಕು.

ಕಾವಿಗೆ ಮುಂಚೆ

ಫಲಿತ ಮೊಟ್ಟೆ ಹೊರಬೀಳುವ ಹೊತ್ತಿಗೆ ಅದರೊಳಗಿನ ಭ್ರೂಣ ಸುಮಾರು ಒಂದು ದಿನದ ಬೆಳವಣಿಗೆಯನ್ನು ಕಂಡಿರುತ್ತದೆ, ಸಾವಿರಾರು ಜೀವಕೋಶಗಳಾಗಿರುತ್ತವೆ. ತಾಯಿಯ ಮೈಯ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ಹೊರಬಂದ ಮೊಟ್ಟೆ ತಣಿದು ಸುಮಾರು 20 ಡಿಗ್ರಿಗೆ ಇಳಿದರೆ ಬೆಳವಣಿಗೆ ನಿಲ್ಲುತ್ತದೆ, ಭ್ರೂಣ ಒಂದು ಬಗೆಯ ನಿದ್ರೆಯಲ್ಲಿರುತ್ತದೆ. ಕಾವು ಸಿಕ್ಕು ಮೊಟ್ಟೆ 37.5 ಡಿಗ್ರಿಯ ಆಸುಪಾಸಿಗೆ ಏರಿದರೆ ಬೆಳವಣಿಗೆ ಕ್ರಮವಾಗಿ ಸಾಗುತ್ತದೆ. ಅಪಾಯ ಇರುವುದು ಇವೆರಡರ ನಡುವೆ. ಅಲ್ಲಿ ಬೆಳವಣಿಗೆ ನಿಲ್ಲುವುದೂ ಇಲ್ಲ, ಕ್ರಮವಾಗಿ ನಡೆಯುವುದೂ ಇಲ್ಲ. ದಿನಗಟ್ಟಲೆ ಹೀಗೆ ಕಳೆದರೆ ಭ್ರೂಣ ದುರ್ಬಲವಾಗಿ ಸಾಯುತ್ತದೆ.

ಈಗ ಲೆಕ್ಕ ಹಾಕಿ. ನಾಟಿ ಕೋಳಿ ದಿನಕ್ಕೊಂದು ಅಥವಾ ದಿನ ಬಿಟ್ಟು ದಿನ ಇಡುತ್ತದೆ. ಹನ್ನೆರಡು ಮೊಟ್ಟೆ ಕೂಡಿಡಲು ಎರಡು ವಾರವಾದರೂ ಬೇಕು. ಏಪ್ರಿಲ್‌ನಲ್ಲಿ ಮಂಡ್ಯದ ಬಯಲಿನಲ್ಲಿ ಮಧ್ಯಾಹ್ನದ ಉಷ್ಣತೆ 35 ಡಿಗ್ರಿ ದಾಟುತ್ತದೆ. ಶೀಟಿನ ಮನೆಯ ಅಟ್ಟದಲ್ಲಿ ಇನ್ನೂ ಹೆಚ್ಚು. ಅಂದರೆ ಮೊದಲ ಮೊಟ್ಟೆಗಳು ಕೋಳಿಯ ಕೆಳಗೆ ಹೋಗುವ ಮೊದಲೇ ಅರೆಗಾವು ತಿಂದು ಕೆಟ್ಟಿರಬಹುದು. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಗುಡುಗುವುದೂ ಇದೇ ಸೆಕೆಯಲ್ಲಿ. ನೆಲ ಕಾದು ತೇವದ ಗಾಳಿ ವೇಗವಾಗಿ ಮೇಲೇರುವುದರಿಂದಲೇ ಗುಡುಗಿನ ಮೋಡಗಳು ಹುಟ್ಟುತ್ತವೆ. ಗುಡುಗು, ಕೆಟ್ಟ ಮೊಟ್ಟೆ ಎರಡೂ ಬಿಸಿಲಿನ ಮಕ್ಕಳು. ಒಂದು ಇನ್ನೊಂದಕ್ಕೆ ಕಾರಣವಲ್ಲ.

ಪರಿಹಾರ ದುಬಾರಿಯಲ್ಲ. ಅಗಲ ಬಾಯಿಯ ಮಣ್ಣಿನ ಮಡಕೆಯಲ್ಲಿ ಅರ್ಧದಷ್ಟು ಮರಳು ತುಂಬಿ ಒದ್ದೆ ಮಾಡಿ. ಮೇಲೆ ಹುಲ್ಲು ಹಾಸಿದ ಪುಟ್ಟ ಬುಟ್ಟಿಯಲ್ಲಿ ಮೊಟ್ಟೆಗಳನ್ನು ದಪ್ಪ ತುದಿ ಮೇಲಾಗುವಂತೆ ಇಟ್ಟು, ತೆಳು ಬಟ್ಟೆ ಮುಚ್ಚಿ ಗಾಳಿಯಾಡುವ ನೆರಳಿನಲ್ಲಿಡಿ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖವನ್ನು ಹೀರಿಕೊಳ್ಳುತ್ತದೆ. ಕುಡಿಯುವ ನೀರನ್ನು ತಂಪಾಗಿಡುವ ಉಪಾಯವೇ ಇದು. ಮೊಟ್ಟೆ ಮಾತ್ರ ನೆನೆಯಬಾರದು. ಪ್ರತಿ ಮೊಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ತಾರೀಖು ಬರೆದು, ಬೇಸಗೆಯಲ್ಲಿ ಒಂದು ವಾರಕ್ಕಿಂತ ಹಳೆಯದನ್ನು ಅಡುಗೆಗೆ ಬಳಸಿ, ಹೊಸದನ್ನು ಕಾವಿಗಿಡಿ.

ಕೋಳಿಯ ಕೆಳಗೆ

ಕಾವು ಕೂರುವ ಕೋಳಿಯ ಎದೆಯಡಿಯ ಪುಕ್ಕ ಉದುರಿ, ರಕ್ತನಾಳಗಳು ತುಂಬಿದ ಬೆಚ್ಚಗಿನ ಚರ್ಮ ನೇರವಾಗಿ ಮೊಟ್ಟೆಗೆ ತಾಗುತ್ತದೆ. 40 ಗ್ರಾಂ ತೂಕದ ಹನ್ನೆರಡು ಮೊಟ್ಟೆಗಳನ್ನು 27 ಡಿಗ್ರಿಯಿಂದ 38 ಡಿಗ್ರಿಗೆ ಏರಿಸಲು ಬೇಕಾದ ಶಾಖ ಸುಮಾರು 17 ಕಿಲೋಜೂಲ್. ಒಂದೂವರೆ ಕಿಲೋ ತೂಕದ ಕೋಳಿಯ ಮೈ ಸುಮಾರು 5 ವಾಟ್ ದರದಲ್ಲಿ ಶಾಖ ಉತ್ಪಾದಿಸುತ್ತದೆ. ಅದರಲ್ಲಿ 2 ವಾಟ್ ಮೊಟ್ಟೆಗಳಿಗೆ ಸೇರಿದರೂ ಎರಡೂವರೆ ಗಂಟೆಯೊಳಗೆ ಕೆಲಸ ಮುಗಿಯುತ್ತದೆ.

ಮೇವಿಗೆಂದು ಕೋಳಿ ಎದ್ದುಹೋದಾಗ ಮೊಟ್ಟೆ ಕೆಡುವುದಿಲ್ಲವೇ? ನ್ಯೂಟನ್ನನ ತಣಿಯುವಿಕೆಯ ನಿಯಮವನ್ನು ಅನ್ವಯಿಸಿ. 28 ಡಿಗ್ರಿಯ ಗಾಳಿಯಲ್ಲಿ ಒಂಟಿ ಮೊಟ್ಟೆಯೊಂದು 15 ನಿಮಿಷದಲ್ಲಿ ಅಂದಾಜು 3 ಡಿಗ್ರಿ ಮಾತ್ರ ತಣಿಯುತ್ತದೆ. ಹುಲ್ಲಿನ ನಡುವೆ ಒತ್ತಾಗಿರುವ ಮೊಟ್ಟೆಗಳು ಇನ್ನೂ ಕಡಿಮೆ ತಣಿಯುತ್ತವೆ. ಭ್ರೂಣಕ್ಕೆ ಇದರಿಂದ ತೊಂದರೆಯಿಲ್ಲ. ಆದ್ದರಿಂದ ಕಾವಿನ ಕೋಳಿಯನ್ನು ದಿನಕ್ಕೊಮ್ಮೆ ಎಬ್ಬಿಸಿ ನೀರು, ಕಾಳು ಕೊಡಲು ಹೆದರಬೇಕಿಲ್ಲ.

ಕೋಳಿ ದಿನಕ್ಕೆ ಹಲವು ಬಾರಿ ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸುತ್ತದೆ. ಹಳದಿ ಭಾಗ ಬಿಳಿ ಲೋಳೆಗಿಂತ ಹಗುರವಾದುದರಿಂದ ಮೇಲಕ್ಕೆ ತೇಲಿ, ಭ್ರೂಣ ಚಿಪ್ಪಿನೊಳಗಿನ ಪೊರೆಗೆ ಅಂಟಿಕೊಳ್ಳುವ ಸಂಭವವುಂಟು. ಹೊರಳಿಸುವುದರಿಂದ ಇದು ತಪ್ಪುತ್ತದೆ.

ಚಿಪ್ಪಿನಲ್ಲಿ ಸುಮಾರು ಹತ್ತು ಸಾವಿರ ಸೂಕ್ಷ್ಮ ರಂಧ್ರಗಳಿವೆ. ಉಸಿರಾಟದ ಅಂಗ ಇನ್ನೂ ಕೆಲಸ ಮಾಡದ ಭ್ರೂಣಕ್ಕೆ ಬರಿಯ ವಿಸರಣೆಯೇ ಉಸಿರು. ಹರ್ಮನ್ ರಾನ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಇದನ್ನು ವಿವರವಾಗಿ ಅಳೆದರು. 60 ಗ್ರಾಂ ತೂಕದ ಮೊಟ್ಟೆ 21 ದಿನಗಳಲ್ಲಿ ಸುಮಾರು 6 ಲೀಟರ್ ಆಕ್ಸಿಜನ್ ಒಳಗೆಳೆದುಕೊಂಡು, 4.5 ಲೀಟರ್ ಕಾರ್ಬನ್ ಡೈಆಕ್ಸೈಡನ್ನೂ 11 ಲೀಟರ್ ನೀರಾವಿಯನ್ನೂ ಹೊರಬಿಡುತ್ತದೆ. ನೀರು ಹೀಗೆ ಹೋದಷ್ಟೂ ದಪ್ಪ ತುದಿಯ ಗಾಳಿಯ ಕೋಣೆ ಹಿಗ್ಗುತ್ತದೆ; ಚಿಪ್ಪು ಒಡೆಯುವ ಮೊದಲು ಮರಿ ಮೊದಲ ಉಸಿರೆಳೆಯುವುದು ಆ ಗಾಳಿಯನ್ನೇ. ಆದರೆ ಒಣಹವೆಯಲ್ಲಿ ನೀರು ಮಿತಿಮೀರಿ ಹೋದರೆ ಮರಿ ಒಳಗೇ ಅಂಟಿಕೊಂಡು ಸಾಯುತ್ತದೆ. ಬೇಸಗೆಯಲ್ಲಿ ಮಂಕರಿಯ ಕೆಳಗಿನ ನೆಲಕ್ಕೆ ಆಗಾಗ ನೀರು ಚಿಮುಕಿಸುವುದು ಇದಕ್ಕಾಗಿ.

ಗಿರಿರಾಜ ಇದ್ದೂ ನಾಟಿ ಏಕೆ?

ನಾಟಿ ಕೋಳಿ ವರ್ಷಕ್ಕೆ ಇಡುವುದು 50-60 ಮೊಟ್ಟೆ. ಇಡುವುದಕ್ಕೆ ಎರಡು ವಾರ, ಕಾವಿಗೆ ಮೂರು ವಾರ, ಮರಿ ಸಾಕಲು ಎರಡು ತಿಂಗಳು ಎಂದು ಕೂಡಿಸಿದರೆ ವರ್ಷದಲ್ಲಿ ಮೂರು ನಾಲ್ಕು ಸುತ್ತು ಮಾತ್ರ ಸಾಧ್ಯ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ವಿಜ್ಞಾನಿಗಳು ರೂಪಿಸಿದ ಗಿರಿರಾಜ ವರ್ಷಕ್ಕೆ 130-150 ಮೊಟ್ಟೆ ಇಡುತ್ತದೆ. 2005ರಲ್ಲಿ ಬಂದ ಸ್ವರ್ಣಧಾರ ಇನ್ನೂ ಹೆಚ್ಚು. ಇವು ಕಾವು ಕೂರುವುದಿಲ್ಲ. ಕಾವಿನ ಗುಣವನ್ನು ಪ್ರೇರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಏರಿದಾಗ ಮೊಟ್ಟೆ ಇಡುವುದು ನಿಲ್ಲುತ್ತದೆ. ಹಾಗಾಗಿ ಹೆಚ್ಚು ಮೊಟ್ಟೆಯ ತಳಿಯಲ್ಲಿ ತಾಯ್ತನ ಹಿಂದೆ ಸರಿದಿದೆ. ಅಲ್ಲದೆ ಇವು ಮಿಶ್ರತಳಿಗಳಾದುದರಿಂದ ಮನೆಯಲ್ಲೇ ಮರಿ ಮಾಡಿಸಿದರೆ ತಾಯಿತಂದೆಯರ ಗುಣ ಎಲ್ಲ ಮರಿಗಳಲ್ಲೂ ಸಮನಾಗಿ ಉಳಿಯುವುದಿಲ್ಲ.

ನಾಟಿ ಹೇಂಟೆಗಳೆಲ್ಲ ಹೋದರೆ ಪ್ರತಿ ಮರಿಗೂ ಹ್ಯಾಚರಿಯನ್ನೇ ಕಾಯಬೇಕು. ಕಾವುಯಂತ್ರಕ್ಕೆ 21 ದಿನ ತಪ್ಪದ ವಿದ್ಯುತ್ತು ಬೇಕು. ಇದೇ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ತು ಉತ್ಪಾದನೆಯಾಗುತ್ತಿದ್ದರೂ ಗಾಳಿಮಳೆಯ ಸಂಜೆ ದೀಪ ಹೋಗುವುದು ಹಳ್ಳಿಗೆ ಹೊಸದಲ್ಲ. ಕೋಳಿಯ ಕಾವು ಮಾತ್ರ ಆರುವುದಿಲ್ಲ. ಮೊಟ್ಟೆಗಾಗಿ ಸುಧಾರಿತ ತಳಿ ಸಾಕಿದರೂ ಮರಿಗಾಗಿ ನಾಲ್ಕು ನಾಟಿ ಹೇಂಟೆಗಳನ್ನು ಉಳಿಸಿಕೊಳ್ಳುವುದು ಜಾಣತನ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ತನ್ನ ಮರಿಗಳೊಡನೆಯೇ ಕೂಡದಂತೆ ವರ್ಷಕ್ಕೊಮ್ಮೆ ಬೇರೆ ಊರಿನಿಂದ ಹುಂಜ ತಂದು ಬದಲಿಸಿ. ಒಡೆದ ಮರಿಗಳಿಗೆ ಮೊದಲ ವಾರದಲ್ಲೇ ರಾಣಿಖೇತ್ ರೋಗದ ಲಸಿಕೆ ಹಾಕಿಸಿ, ಮುಂದಿನ ಲಸಿಕೆಗಳನ್ನು ಪಶುವೈದ್ಯರ ಸಲಹೆಯಂತೆ ಕೊಡಿಸಿ. ಇಲ್ಲವಾದರೆ ಕಾವಿನಲ್ಲಿ ಗಳಿಸಿದ್ದೆಲ್ಲ ಒಂದೇ ವಾರದಲ್ಲಿ ಹೋದೀತು.

ತರಗತಿಗೊಂದು ಪ್ರಯೋಗ

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಉತ್ತರ ಹೇಳಬೇಡಿ, ಪ್ರಯೋಗ ಮಾಡಿಸಿ. ಕೋಳಿ ಇಟ್ಟ ಮೊಟ್ಟೆಗಳಿಗೆ 1, 2, 3 ಎಂದು ಸಂಖ್ಯೆ ಬರೆಯಲಿ. ಬೆಸಸಂಖ್ಯೆಯವನ್ನು ಎಂದಿನಂತೆ ಅಟ್ಟದಲ್ಲಿಡಲಿ, ಸಮಸಂಖ್ಯೆಯವನ್ನು ಒದ್ದೆ ಮರಳಿನ ಮಡಕೆಯಲ್ಲಿಡಲಿ. ಈ ಪ್ರಯೋಗದ ಮಟ್ಟಿಗೆ ಹಳೆಯ ಮೊಟ್ಟೆಗಳನ್ನೂ ಬಿಡದೆ ಎಲ್ಲವನ್ನೂ ಒಂದೇ ಕೋಳಿಯ ಕೆಳಗಿಡಲಿ. ಏಳನೆಯ ರಾತ್ರಿ ರಟ್ಟಿನ ತೂತಿನ ಮೂಲಕ ಟಾರ್ಚ್ ಬೆಳಕು ಹಾಯಿಸಿ ನೋಡಲಿ. ಜೇಡನ ಬಲೆಯಂತೆ ರಕ್ತನಾಳ ಹರಡಿದ್ದರೆ ಭ್ರೂಣ ಬೆಳೆಯುತ್ತಿದೆ. ಏನೂ ಕಾಣದೆ ತಿಳಿಯಾಗಿದ್ದರೆ ಬಹುಮಟ್ಟಿಗೆ ಅದು ಫಲಿತವಾಗದ ಮೊಟ್ಟೆ. ಹುಂಜದ ಕಡೆ ಗಮನ ಕೊಡಬೇಕು. ಕೆಂಪು ಉಂಗುರ ಮಾತ್ರ ಕಂಡರೆ ಭ್ರೂಣ ಬೆಳೆಯಲು ಆರಂಭಿಸಿ ಸತ್ತಿದೆ. ಆ ಉಂಗುರಗಳು ಬೆಸಸಂಖ್ಯೆಯಲ್ಲಿ ಹೆಚ್ಚೋ ಸಮಸಂಖ್ಯೆಯಲ್ಲಿ ಹೆಚ್ಚೋ ಎಣಿಸಿ ಬರೆದಿಡಲಿ.

ಹನ್ನೆರಡು ಮೊಟ್ಟೆಗಳಿಂದ ತೀರ್ಮಾನಕ್ಕೆ ಬರಬಾರದು. ಐದಾರು ಮನೆಗಳ ಲೆಕ್ಕ ಕೂಡಿಸಿ. ಎರಡೂ ಗುಂಪಿನ ಮೊಟ್ಟೆಗಳು ಕೇಳಿದ್ದು ಒಂದೇ ಗುಡುಗನ್ನು ಎಂಬುದನ್ನು ಮರೆಯಬೇಡಿ. ಮಡಕೆಯ ಮೊಟ್ಟೆಗಳಲ್ಲಿ ಮರಿ ಹೆಚ್ಚಾದರೆ ಅಜ್ಜಿಗೆ ವಾದ ಹೂಡಬೇಕಿಲ್ಲ. ಮರಿಗಳನ್ನು ಎಣಿಸಲು ಅವರನ್ನೇ ಕರೆಯಿರಿ. ಕಬ್ಬಿಣದ ಚೂರು ಬೇಕಾದರೆ ಮಂಕರಿಯಲ್ಲೇ ಇರಲಿ, ಅದು ಎರಡೂ ಗುಂಪಿಗೆ ಸಮಾನ.