ಕಿತ್ತಳೆ ಅಂಗಿ ತೊಟ್ಟ ಮಕ್ಕಳು

ಶಿಕಾಗೋ ಮಹಾನಗರದ ಪಶ್ಚಿಮಕ್ಕಿರುವ ನಮ್ಮ ವುಡ್‌ರಿಡ್ಜ್‌ನಲ್ಲಿ ಜಿಂಕೆ ಅಪರೂಪದ ಪ್ರಾಣಿಯೇನೂ ಅಲ್ಲ. ಡುಪೇಜ್ ನದಿಯ ಪೂರ್ವ ಕವಲಿನ ಪೊದೆಗಳಿಂದ ಮುಸ್ಸಂಜೆಯ ಹೊತ್ತಿಗೆ ನಾಲ್ಕೈದರ ಹಿಂಡಾಗಿ ಹೊರಬರುತ್ತವೆ. ಹಿತ್ತಲಿನ ಹೋಸ್ಟಾ ಎಲೆಗಳನ್ನೂ ವಸಂತದ ಟುಲಿಪ್ ಮೊಗ್ಗುಗಳನ್ನೂ ನಿರಾತಂಕವಾಗಿ ಮೇಯುತ್ತವೆ. ಊರಿನಿಂದ ಬಂದ ಅಜ್ಜ ಅಜ್ಜಿಯರು ಮೊದಲು ಫೋಟೋ ತೆಗೆದು ಕಳಿಸುವುದು ಇವುಗಳದ್ದೇ. ಆದರೆ ಇದೇ ಬಿಳಿಬಾಲದ ಜಿಂಕೆಯನ್ನು ಹೊಡೆಯಲು ಅಪ್ಪಂದಿರು ಮಕ್ಕಳನ್ನು ಕೈಹಿಡಿದು ಕರೆದೊಯ್ಯುವ ಒಂದು ವಾರಾಂತ್ಯವೂ ಇಲ್ಲಿನ ಪಂಚಾಂಗದಲ್ಲಿದೆ. ಅಕ್ಟೋಬರ್ ತಿಂಗಳ ಕೊಲಂಬಸ್ ದಿನದ ಮೂರು ದಿನಗಳು ಇಲಿನಾಯ್ ರಾಜ್ಯದಲ್ಲಿ ಹದಿನೆಂಟು ತುಂಬದ ಬೇಟೆಗಾರರಿಗೆ ಮೀಸಲು. ದೊಡ್ಡವರ ಕೋವಿಯ ಸರದಿ ಬರುವುದು ಥ್ಯಾಂಕ್ಸ್‌ಗಿವಿಂಗ್‌ನ ಹಿಂದಿನ ವಾರಾಂತ್ಯದಲ್ಲಿ. ಆಗ ಆಸ್ಪತ್ರೆಗಳ ರಜೆಯ ಪಟ್ಟಿಯನ್ನು ನೋಡಿಯೇ ಯಾರು ಬೇಟೆಗಾರರೆಂದು ಹೇಳಬಹುದು. ಡೆಟ್ರಾಯಿಟ್ ಕಡೆಯ ಕನ್ನಡ ಮಿತ್ರರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು: ಮಿಶಿಗನ್‌ನಲ್ಲಿ ಪ್ರತಿವರ್ಷ ನವೆಂಬರ್ 15ರಂದು ಬೇಟೆ ಆರಂಭವಾಗುತ್ತದೆ, ಅಂದು ಎಷ್ಟೋ ಶಾಲೆಗಳಿಗೆ ರಜೆಯೇ ಘೋಷಣೆಯಾಗುತ್ತದೆ.

ಜನದಟ್ಟಣೆಯ ನಮ್ಮ ಡುಪೇಜ್ ಕೌಂಟಿಯಲ್ಲಿ, ನೆರೆಯ ಕುಕ್ ಕೌಂಟಿಯಲ್ಲಿ ಕೋವಿಯಿಂದ ಜಿಂಕೆ ಹೊಡೆಯುವಂತಿಲ್ಲ. ಬಿಲ್ಲುಬಾಣಕ್ಕೆ ಮಾತ್ರ ಅವಕಾಶ. ಹಾಗಾಗಿ ಕೋವಿಯವರು ಜೋಳ, ಸೋಯಾ ಹೊಲಗಳ ಸೀಮೆಗೆ ಹೊರಡುತ್ತಾರೆ. ನಮ್ಮ ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ತಂತ್ರಜ್ಞನೊಬ್ಬ ಹೀಗೆ ವರ್ಷವೂ ಲಸಾಲ್ ಕೌಂಟಿಯಲ್ಲಿರುವ ತನ್ನ ತಾಯಿಯ ಜಮೀನಿಗೆ ಹೋಗುವವನು. ಕಳೆದ ಬೇಸಿಗೆಯಲ್ಲಿ ಆತ, "ಡಾಕ್, ಈ ಸಲ ನನ್ನ ಮಗಳದ್ದು ಮೊದಲ ಬೇಟೆ. ನಿಮ್ಮ ಮಗನೂ ಅವಳ ತರಗತಿಯವನೇ ಅಲ್ಲವೇ, ನೀವಿಬ್ಬರೂ ನೋಡಲು ಬನ್ನಿ" ಎಂದು ಕರೆದ. ಹದಿಮೂರರ ನನ್ನ ಮಗನಿಗೆ ಆ ಹುಡುಗಿ ಮೊದಲೇ ಹೇಳಿಬಿಟ್ಟಿದ್ದಳು. ಮನೆಯಲ್ಲಿ ಎರಡು ವಾರ ಅದೇ ಚರ್ಚೆ.

ನನ್ನ ಹೆಂಡತಿಯದು ಸಸ್ಯಾಹಾರಿ ತವರು. ಜಿಂಕೆಯನ್ನು ಕೊಲ್ಲುವುದನ್ನು ಮಗು ನೋಡಬೇಕಾದ ಅಗತ್ಯವೇನು ಎಂಬುದು ಅವಳ ಪ್ರಶ್ನೆ. ಅವಳು ಕೇಳುವುದರಲ್ಲಿ ನಮ್ಮ ಪುರಾಣಗಳ ಬಲವೂ ಇತ್ತು. ಜಿಂಕೆಯ ರೂಪದಲ್ಲಿದ್ದ ಋಷಿಯನ್ನು ಹೊಡೆದ ಪಾಂಡುವಿಗೆ ಶಾಪ, ಸದ್ದಿಗೆ ಬಾಣ ಬಿಟ್ಟ ದಶರಥನಿಗೆ ಪುತ್ರಶೋಕ, ಹೊನ್ನಿನ ಮಾಯಾಮೃಗದ ಬೆನ್ನುಹತ್ತಿದ ರಾಮನಿಗೆ ಸೀತಾವಿಯೋಗ. ನಮ್ಮ ಕಥೆಗಳಲ್ಲಿ ಬೇಟೆಯೆಂಬುದು ದುಃಖದ ಹೆಬ್ಬಾಗಿಲು.

ನನ್ನದು ಮಲೆನಾಡಿನ ಬೇರೆ ಬಗೆಯ ಮನೆ. ಜಗಲಿಯ ಗೋಡೆಯ ಮೇಲೆ ಅಜ್ಜನ ಕೇಪಿನ ಕೋವಿ ತೂಗುತ್ತಿತ್ತು. ಹಳು ನುಗ್ಗುವವರ ಕೂಗು, ನಾಯಿಗಳ ಬೊಗಳು, ದೂರದಲ್ಲೊಂದು ಈಡು, ಸಂಜೆ ಅಂಗಳದಲ್ಲಿ ಮಿಕವನ್ನು ಪಾಲು ಹಾಕುವ ಗದ್ದಲ: ಇವೆಲ್ಲ ಅಪ್ಪಯ್ಯನ ಬಾಯಿಂದ ಕೇಳಿದ್ದು. ಹಳು ನುಗ್ಗಿದವನಿಗೂ ಪಾಲು, ನಾಯಿಗೂ ಪಾಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಅದೆಲ್ಲ ಮುಗಿಯಬೇಕಾಯಿತು. ಮುಗಿದದ್ದು ಒಳ್ಳೆಯದೇ ಆಯಿತು. ಕಡವೆ, ಕಾಡುಕುರಿಗಳು ಕಥೆಯಲ್ಲಷ್ಟೇ ಉಳಿಯುವ ಸ್ಥಿತಿಯಿತ್ತು. ಆಮೇಲೆ ಕೋವಿ ಉಳಿದದ್ದು ಬೆಳೆ ರಕ್ಷಣೆಯ ಹೆಸರಿನಲ್ಲಿ. ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತರುವುದು ಅಪ್ಪಯ್ಯನ ಕೆಲಸ. ಅವರು ತೀರಿಕೊಂಡ ಮೇಲೆ ಅದು ಠಾಣೆಯಲ್ಲೇ ಇದೆ. "ವಾರಸುದಾರರು ಯಾರಾದರೂ ಲೈಸೆನ್ಸ್ ಮಾಡಿಸ್ಕೊಳ್ತೀರೋ ಇಲ್ವೋ, ಒಂದು ತೀರ್ಮಾನ ಹೇಳು ಮಾರಾಯ" ಎಂದು ಅಮ್ಮ ಫೋನಿನಲ್ಲಿ ಆಗಾಗ ಕೇಳುತ್ತಲೇ ಇದ್ದರು.

ಅಮೆರಿಕದಲ್ಲೂ ಒಂದು ಕಾಲಕ್ಕೆ ಜಿಂಕೆ ಮುಗಿದೇಹೋಗಿತ್ತು ಎಂಬುದು ನಮ್ಮವರಲ್ಲಿ ಹಲವರಿಗೆ ತಿಳಿಯದು. ಕಡಿವಾಣವಿಲ್ಲದ ಬೇಟೆ ಮತ್ತು ಕಾಡಿನ ನಾಶದಿಂದ ಇಲಿನಾಯ್‌ನಲ್ಲಿ ಅವು ಕಣ್ಮರೆಯಾಗತೊಡಗಿದಾಗ 1901ರಲ್ಲಿ ಬೇಟೆಯನ್ನು ನಿಲ್ಲಿಸಲಾಯಿತು. 1930ರ ದಶಕದಲ್ಲಿ ಬೇರೆಡೆಯಿಂದ ತಂದು ಬಿಟ್ಟರು. 1957ರಲ್ಲಷ್ಟೇ ಮತ್ತೆ ಬೇಟೆಗೆ ಅನುಮತಿ ದೊರೆಯಿತು. ತೋಳ, ಪೂಮಾಗಳು ಅಳಿದ ನೆಲದಲ್ಲಿ ಜಿಂಕೆಗೆ ಹಗೆಯೇ ಇಲ್ಲವಾಗಿ, ಇಂದು ಬೇಟೆಗಾರರು ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು ಹೊಡೆದರೂ ಸಂತತಿ ಕುಂದುತ್ತಿಲ್ಲ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು, ಮದ್ದುಗುಂಡುಗಳ ಮೇಲಿನ ವಿಶೇಷ ತೆರಿಗೆಯು ವನ್ಯಜೀವಿ ರಕ್ಷಣೆಗೆಂದೇ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಹೊಡೆಯುವವನ ದುಡ್ಡಿನಿಂದಲೇ ಉಳಿಸುವ ವ್ಯವಸ್ಥೆ.

ನಮ್ಮ ಮನೆಯ ಸಮೀಪದಲ್ಲೇ ಇದಕ್ಕೆ ಸಾಕ್ಷಿಯಿದೆ. ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯವನ್ನು ಸುತ್ತುವರಿದಿರುವ ವಾಟರ್‌ಫಾಲ್ ಗ್ಲೆನ್ ಅರಣ್ಯಕ್ಕೆ ಕನ್ನಡ ಕುಟುಂಬಗಳು ನಡಿಗೆಗೆಂದು ಹೋಗುತ್ತಿರುತ್ತವೆ. ಜಿಂಕೆ ಮಿತಿಮೀರಿ, ನೆಲದ ಹೂಗಿಡಗಳನ್ನೂ ಓಕ್ ಸಸಿಗಳನ್ನೂ ಮೇದು ಬರಿದುಮಾಡಿದಾಗ 1990ರ ದಶಕದಿಂದ ಅಲ್ಲಿನ ಅರಣ್ಯ ಆಡಳಿತವೇ ಗುರಿಕಾರರನ್ನು ಇಟ್ಟು ಸಂಖ್ಯೆ ಇಳಿಸತೊಡಗಿತು. ಮಾಂಸ ಬಡವರ ಆಹಾರ ಭಂಡಾರಗಳಿಗೆ ಹೋಗುತ್ತದೆ. ನಾವು ಹಸಿರು ಮೆಚ್ಚುತ್ತ ನಡೆಯುವ ಆ ದಾರಿಯ ಹಸಿರಿನ ಹಿಂದೆ ಕೋವಿಯ ಪಾಲೂ ಇದೆ. ಇದನ್ನೆಲ್ಲ ಕೇಳಿ ನನ್ನ ಹೆಂಡತಿ, "ಹೋಗಿ ಬನ್ನಿ. ಆದರೆ ಅವನ ಕೈಗೆ ಕೋವಿ ಕೊಡಕೂಡದು" ಎಂದಳು.

ಹೋಗುವ ಮುನ್ನ ವೈದ್ಯನಾಗಿ ನಾನು ಒಂದಷ್ಟು ವಿಚಾರಿಸಿದೆ. ಕೋವಿ ಬೀರುವಿನಲ್ಲಿ ಬೀಗದೊಳಗಿದೆಯೇ, ಮದ್ದುಗುಂಡು ಬೇರೆಡೆ ಇದೆಯೇ, ಬೀಗದ ಸಂಖ್ಯೆ ಮಕ್ಕಳಿಗೆ ಗೊತ್ತೇ? ಆತ ಬೇಸರಿಸಲಿಲ್ಲ, ಬೀರುವಿನ ಬಾಗಿಲು ತೆರೆದು ತೋರಿಸಿದ. ಹುಡುಗಿ ಹತ್ತು ಗಂಟೆಗಳ ಬೇಟೆ ಸುರಕ್ಷತಾ ತರಬೇತಿ ಮುಗಿಸಿದ್ದಳು. ಬೇಸಿಗೆಯಿಡೀ ಗುರಿ ಅಭ್ಯಾಸ ಮಾಡಿದ್ದಳು. ಮರಕ್ಕೆ ಕಟ್ಟಿದ ಅಟ್ಟಣಿಗೆ ಬೇಡ, ನೆಲದ ಮರೆಗುಡಾರವೇ ಸಾಕೆಂದು ಅವಳಪ್ಪ ಮೊದಲೇ ನಿಶ್ಚಯಿಸಿದ್ದ. ಅಪಘಾತ ವಿಭಾಗದಲ್ಲಿ ದುಡಿದವರಿಗೆಲ್ಲ ಗೊತ್ತು, ನವೆಂಬರ್‌ನಲ್ಲಿ ಅಟ್ಟಣಿಗೆಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡು ಬರುವ ಬೇಟೆಗಾರರ ಕಥೆ.

ಶನಿವಾರ ನಸುಕಿನಲ್ಲಿ ನಾವು ಆ ಹೊಲದ ಮನೆ ತಲುಪಿದೆವು. ಎಲ್ಲರಿಗೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಟೋಪಿ, ಅಂಗಿ. ಜಿಂಕೆಗೆ ಈ ಬಣ್ಣ ನಮಗೆ ಕಂಡಂತೆ ಕಾಣದು. ಇನ್ನೊಬ್ಬ ಬೇಟೆಗಾರನಿಗೆ ಕಂಡೇ ಕಾಣುತ್ತದೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಕಾನೂನಿನ ಹೊತ್ತು ಆರಂಭ. ತಂದೆ ಮಗಳು ಮರೆಗುಡಾರಕ್ಕೆ ನಡೆದರು. ನಾನು ಮತ್ತು ಮಗ ಅಡುಗೆಮನೆಯಲ್ಲಿ ಆ ಮನೆಯ ಅಜ್ಜಿಯೊಡನೆ ಕಾಫಿ ಕುಡಿಯುತ್ತ ಕಾದೆವು. ಇಡೀ ದಿನ ಕಳೆದರೂ ಒಂದು ಸದ್ದಿಲ್ಲ. ಭಾನುವಾರ ಬೆಳಿಗ್ಗೆ ಎರಡು ಮರಿಗಳೊಡನೆ ತಾಯಿಜಿಂಕೆಯೊಂದು ಮೂವತ್ತು ಗಜದಷ್ಟು ಹತ್ತಿರ ಬಂತಂತೆ. ಹುಡುಗಿ ಕೋವಿಯನ್ನು ಕೆಳಗಿಳಿಸಿದಳು. ಮರಿಗಳು ಹಾಲು ಬಿಡುವಷ್ಟು ದೊಡ್ಡವಾಗಿದ್ದವು, ಕಾನೂನಿನ ಅಡ್ಡಿಯೂ ಇರಲಿಲ್ಲ. ಆದರೂ ತಂದೆ 'ಹೊಡೆ' ಎಂದೂ ಹೇಳಲಿಲ್ಲ, 'ಯಾಕೆ ಬಿಟ್ಟೆ' ಎಂದೂ ಕೇಳಲಿಲ್ಲ. ನನಗೆ ಆತನ ಮೇಲೆ ಗೌರವ ಹುಟ್ಟಿದ್ದು ಈ ಮಾತು ಕೇಳಿ.

ಆ ಸಂಜೆ ಒಂದೇ ಒಂದು ಈಡು ಕೇಳಿಸಿತು. ಅಜ್ಜಿ ಗಡಿಯಾರ ನೋಡಿ, "ಅರ್ಧ ಗಂಟೆ ಯಾರೂ ಕದಲಬೇಡಿ" ಎಂದರು. ಗಾಯಗೊಂಡ ಜಿಂಕೆಯನ್ನು ಬೆನ್ನಟ್ಟಿದರೆ ಅದು ಇನ್ನಷ್ಟು ದೂರ ಓಡಿ ನರಳುತ್ತದೆ. ಬಿಟ್ಟರೆ ಸಮೀಪದಲ್ಲೇ ಮಲಗಿ ಪ್ರಾಣ ಬಿಡುತ್ತದೆ. ಆಮೇಲೆ ಹೋಗಿ, ಒಣಗಿದ ಹುಲ್ಲಿನ ಮೇಲಿನ ರಕ್ತದ ಹನಿಗಳನ್ನು ಮಕ್ಕಳಿಬ್ಬರೂ ಟಾರ್ಚ್ ಹಿಡಿದು ಹುಡುಕಿದರು. ಎಂಬತ್ತು ಹೆಜ್ಜೆಯಾಚೆ, ಓಕ್ ಮರವೊಂದರ ಬುಡದಲ್ಲಿ ಎಳೆಯ ಗಂಡುಜಿಂಕೆ ಬಿದ್ದಿತ್ತು. ಹುಡುಗಿ ಮಂಡಿಯೂರಿ ಅದರ ಕತ್ತಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಕುಳಿತಳು. ಅತ್ತಳು. ತಂದೆ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ. ನನ್ನ ಮಗ ನನ್ನ ಕೈ ಹಿಡಿದುಕೊಂಡಿದ್ದ. ಆತ ಹಾಗೆ ಕೈ ಹಿಡಿದು ಎರಡು ಮೂರು ವರ್ಷಗಳೇ ಆಗಿದ್ದವು.

ಅನುಮತಿ ಚೀಟಿಯನ್ನು ಜಿಂಕೆಗೆ ಕಟ್ಟಿದ ಮೇಲೆ ಕರುಳು ತೆಗೆಯುವ ಕೆಲಸ. ತಂದೆ ರಬ್ಬರ್ ಕೈಗವಸು ಕೊಟ್ಟು, "ಡಾಕ್, ಇನ್ನು ನಿಮ್ಮ ಪಾಠ" ಎಂದ. ಎಂಬಿಬಿಎಸ್ ಮೊದಲ ವರ್ಷದ ಶವಚ್ಛೇದನ ಕೋಣೆಯ ನಂತರ ನಾನು ಇಷ್ಟು ಗಮನವಿಟ್ಟು ಕೇಳುವ ವಿದ್ಯಾರ್ಥಿಗಳನ್ನು ಕಂಡಿರಲಿಲ್ಲ. ಗುಂಡು ಎರಡೂ ಶ್ವಾಸಕೋಶಗಳನ್ನು ಹಾದುಹೋಗಿತ್ತು, ಹೃದಯ ಉಳಿದಿತ್ತು. ಅದನ್ನು ಅಂಗೈಯಲ್ಲಿಟ್ಟು ನಾಲ್ಕು ಕೋಣೆಗಳನ್ನು, ಕವಾಟಗಳನ್ನು, ಮಹಾಪಧಮನಿಯನ್ನು ತೋರಿಸಿದೆ. "ಇದಕ್ಕೆ ನೋವಾಯಿತಾ?" ಎಂದು ಹುಡುಗಿ ಕೇಳಿದಳು. "ಆಯಿತು. ಆದರೆ ಶ್ವಾಸಕೋಶ ಒಡೆದಾಗ ರಕ್ತದೊತ್ತಡ ಕುಸಿದು ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ನೀನು ಗುರಿ ಕಲಿತದ್ದರಿಂದ ಬೇಗ ಮುಗಿಯಿತು" ಎಂದೆ. ಸುಳ್ಳು ಸಮಾಧಾನ ಹೇಳಲು ಮನಸ್ಸು ಬರಲಿಲ್ಲ. ರಾತ್ರಿ ಹತ್ತರೊಳಗೆ ಬೇಟೆಯ ವಿವರವನ್ನು ಇಲಾಖೆಗೆ ತಿಳಿಸುವುದು ಕಡ್ಡಾಯ. ಆ ಫೋನನ್ನೂ ಅವಳೇ ಮಾಡಿದಳು.

ಮಾಂಸವನ್ನು ಅಂದೇ ಬೇಯಿಸಲಿಲ್ಲ. ಉತ್ತರ ಇಲಿನಾಯ್‌ನಲ್ಲಿ 2002ರಿಂದ ಜಿಂಕೆಗಳಲ್ಲಿ ಕ್ಷಯಿಸುವ ಕಾಯಿಲೆಯೊಂದು ಕಾಣಿಸಿಕೊಂಡಿದೆ. ಹುಚ್ಚುಹಸು ರೋಗದ ಬಳಗಕ್ಕೆ ಸೇರಿದ ಇದಕ್ಕೆ ಕಾರಣ ಪ್ರಿಯಾನ್ ಎಂಬ ತಪ್ಪಾಗಿ ಮಡಚಿಕೊಂಡ ಪ್ರೋಟೀನು. ಒಲೆಯ ಬಿಸಿಗೆ ಅದು ನಾಶವಾಗದು. ಮನುಷ್ಯರಿಗೆ ಅಂಟಿದ ಪ್ರಕರಣ ದೃಢಪಟ್ಟಿಲ್ಲವಾದರೂ, ಪರೀಕ್ಷೆ ಮಾಡಿಸಿ, ಸೋಂಕಿದ್ದರೆ ತಿನ್ನಬಾರದೆಂಬುದು ಆರೋಗ್ಯ ಇಲಾಖೆಗಳ ಸಲಹೆ. ಕತ್ತಿನ ದುಗ್ಧಗ್ರಂಥಿಗಳ ಮಾದರಿಯನ್ನು ಕೊಟ್ಟು, ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರಿನಲ್ಲಿಟ್ಟರು. ಸೋಂಕಿಲ್ಲವೆಂದು ತಿಳಿದ ಮೇಲೆ ನಮಗೂ ಒಂದು ಪೊಟ್ಟಣ ಬಂತು. ನೋಡಲು ಹೋದವನಿಗೂ ಪಾಲು! ಅಪ್ಪಯ್ಯನ ಕಥೆಯ ಅಂಗಳ ನೆನಪಾಯಿತು. ಮಗ ತಿನ್ನಲಿಲ್ಲ, ನಾನು ಸಾರು ಮಾಡಿ ತಿಂದೆ.

ವಾಪಸು ಬರುವಾಗ 80ನೇ ಹೆದ್ದಾರಿಯಲ್ಲಿ ಆತ ಬಹಳ ಹೊತ್ತು ಮೌನವಾಗಿದ್ದ. ಆಮೇಲೆ, "ಅಪ್ಪ, ಕಾಸ್ಟ್‌ಕೋದಿಂದ ತರ್ತೀವಲ್ಲ ಆ ಕೋಳಿ, ಅದಕ್ಕೆ ಯಾರೂ ಅಳೋದಿಲ್ಲ ಅಲ್ವಾ?" ಎಂದ. ಉತ್ತರ ನನ್ನಲ್ಲಿರಲಿಲ್ಲ. ಅಂದಿನಿಂದ ಆತ ಮನೆಯಲ್ಲಿ ತಟ್ಟೆಯಲ್ಲಿ ಮಾಂಸ ಬಿಡುವುದಿಲ್ಲ. ಬೇಡವೆನಿಸಿದ ದಿನ ಬಡಿಸಿಕೊಳ್ಳುವುದೇ ಇಲ್ಲ.

ಇಷ್ಟು ಬರೆದದ್ದು ಬೇಟೆಯನ್ನು ಸಮರ್ಥಿಸಲೂ ಅಲ್ಲ, ಹಳಿಯಲೂ ಅಲ್ಲ. ನಮ್ಮ ಮಕ್ಕಳ ಗೆಳೆಯರ ಮನೆಗಳಲ್ಲಿ ಕೋವಿಗಳಿವೆ ಎಂಬುದು ವಾಸ್ತವ. 2020ರಿಂದ ಈ ದೇಶದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಬಂದೂಕೇ ಮೊದಲ ಕಾರಣ. ಅದರಲ್ಲಿ ಬೇಟೆಯ ಪಾಲು ತೀರ ಸಣ್ಣದು. ಕೊಲೆ ಮತ್ತು ಆತ್ಮಹತ್ಯೆಗಳದ್ದೇ ದೊಡ್ಡದು. ಬೀಗವಿಲ್ಲದ ಬೀರು ಒಂದು ಮನೆಯನ್ನು ಹೇಗೆ ಬರಿದಾಗಿಸುತ್ತದೆಂದು ವೈದ್ಯರಾದ ನಾವು ಕಂಡಿದ್ದೇವೆ. ಮಗುವನ್ನು ಆಟಕ್ಕೋ ರಾತ್ರಿ ತಂಗಲಿಕ್ಕೋ ಕಳಿಸುವಾಗ ಕಡಲೆಕಾಯಿ ಅಲರ್ಜಿಯ ಬಗ್ಗೆ ಹೇಳುವ ನಾವು, "ಮನೆಯಲ್ಲಿ ಕೋವಿ ಇದೆಯೇ, ಬೀಗ ಹಾಕಿದ್ದೀರಾ?" ಎಂದು ಕೇಳಲು ಸಂಕೋಚಪಡುತ್ತೇವೆ. ಇಲ್ಲಿನ ಮಕ್ಕಳ ವೈದ್ಯರ ಸಂಘವೂ ಕೇಳಿರೆಂದೇ ಹೇಳುತ್ತದೆ. ಜವಾಬ್ದಾರಿಯುತ ಬೇಟೆಗಾರನಿಗೆ ಆ ಪ್ರಶ್ನೆಯಿಂದ ಅವಮಾನವಾಗದು.

ಮಗ ಒಂದು ತೀರ್ಮಾನಕ್ಕೆ ಬಂದಿದ್ದಾನೆ: ಸುರಕ್ಷತಾ ತರಬೇತಿಯನ್ನು ಮುಗಿಸುತ್ತಾನೆ, ಬೇಟೆಯಾಡುವುದಿಲ್ಲ. ಗೆಳೆಯರ ಮನೆಯಲ್ಲಿ ಕೋವಿ ಕಂಡರೆ ಏನು ಮಾಡಬೇಕೆಂದಾದರೂ ಗೊತ್ತಿರಲಿ ಎಂಬುದು ಅವನ ವಾದ. ಅವನಮ್ಮನೂ ಒಪ್ಪಿದ್ದಾಳೆ. ನಾನು ಅಮ್ಮನಿಗೆ ಫೋನು ಮಾಡಿ, ಠಾಣೆಯಲ್ಲಿರುವ ಅಜ್ಜನ ಕೋವಿಯನ್ನು ಸರ್ಕಾರಕ್ಕೇ ಒಪ್ಪಿಸಿಬಿಡೋಣ, ಡಿಸೆಂಬರ್‌ನಲ್ಲಿ ಬಂದಾಗ ಕಾಗದಗಳಿಗೆ ಸಹಿ ಹಾಕುತ್ತೇನೆ ಎಂದೆ. ಅಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಆಯ್ತು ಮಾರಾಯ. ಮಾಣಿಯನ್ನೂ ಠಾಣೆಗೆ ಕರ್ಕೊಂಡು ಹೋಗು. ಮುತ್ತಜ್ಜನ ಕೋವಿ, ಕೊಡೋ ಮೊದಲು ಒಂದ್ಸಲ ನೋಡ್ಲಿ" ಎಂದರು.