ವ್ಯಾಪಾರ ಸಂಸ್ಥೆಗಳಿಗೆ ಬ್ರೌಸರ್ ಆಯ್ಕೆ ಮತ್ತು ಅದರ ಸಮರ್ಪಕ ಬಳಕೆ

ಒಂದು ಕಾಲದಲ್ಲಿ ವ್ಯಾಪಾರಸ್ಥರು ತಿಜೋರಿಯ ಬೀಗದ ಕೈಯನ್ನು ತಮ್ಮ ಸೊಂಟದಲ್ಲಿಯೇ ಇಟ್ಟುಕೊಳ್ಳುತ್ತಿದ್ದರು. ಖಾತೆ ಪುಸ್ತಕಗಳನ್ನು ಗುಮಾಸ್ತರ ಹೊರತು ಬೇರಾರೂ ಮುಟ್ಟುವಂತಿರಲಿಲ್ಲ. ಇಂದು ಸರಕು ಮತ್ತು ಸೇವಾ ತೆರಿಗೆಯ ಪಾವತಿ, ಇ-ವೇ ಬಿಲ್, ಆದಾಯ ತೆರಿಗೆ ವಿವರಪಟ್ಟಿ, ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸುವ ನಮೂನೆಗಳು, ಬ್ಯಾಂಕ್ ಹಣ ವರ್ಗಾವಣೆ, ಟೆಂಡರ್ ಸಲ್ಲಿಕೆ ಇವೆಲ್ಲವೂ ಗಣಕಯಂತ್ರದ ಒಂದೇ ಕಿಟಕಿಯ ಮೂಲಕ ನಡೆಯುತ್ತಿವೆ. ಆ ಕಿಟಕಿಯೇ ಬ್ರೌಸರ್. ಗಣಕಯಂತ್ರ ಕೊಳ್ಳುವಾಗ ಬೆಲೆ, ಮೆಮೊರಿ, ವಾರಂಟಿ ಇವುಗಳ ಬಗ್ಗೆ ಹತ್ತಾರು ಬಾರಿ ವಿಚಾರಿಸುವ ಉದ್ಯಮಿಗಳು ಬ್ರೌಸರ್ ಬಗ್ಗೆ ಮಾತ್ರ ಯೋಚಿಸುವುದು ವಿರಳ. ಯಂತ್ರದೊಡನೆ ಬಂದದ್ದನ್ನೇ, ಬಂದ ಸ್ಥಿತಿಯಲ್ಲಿಯೇ ಬಳಸುವುದು ವಾಡಿಕೆಯಾಗಿದೆ. ಈ ವಾಡಿಕೆಯಿಂದ ಆಗಬಹುದಾದ ನಷ್ಟವನ್ನು ಹಾಗೂ ಅದರ ಪರಿಹಾರವನ್ನು ಇಲ್ಲಿ ವಿವರಿಸಲಾಗಿದೆ.

ಬ್ರೌಸರ್ ಬೆಳೆದು ಬಂದ ಬಗೆ

ದೂರದ ಗಣಕಯಂತ್ರದಲ್ಲಿರುವ ಪುಟವನ್ನು ತರಿಸಿ, ಓದಲು ಯೋಗ್ಯವಾದ ರೂಪದಲ್ಲಿ ಪರದೆಯ ಮೇಲೆ ತೋರಿಸುವ ತಂತ್ರಾಂಶವೇ ಬ್ರೌಸರ್. ಟಿಮ್ ಬರ್ನರ್ಸ್-ಲೀ ಅವರು ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ 1990ರಲ್ಲಿ ಮೊದಲ ಬ್ರೌಸರನ್ನು ರಚಿಸಿದರು. 1993ರಲ್ಲಿ ಮೊಸಾಯಿಕ್, 1994ರಲ್ಲಿ ನೆಟ್‌ಸ್ಕೇಪ್ ಹಾಗೂ 1995ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಂದವು. ವಿಂಡೋಸ್ ಜೊತೆಯಲ್ಲಿಯೇ ದೊರೆಯುತ್ತಿದ್ದುದರಿಂದ ಎಕ್ಸ್‌ಪ್ಲೋರರ್ ಕಚೇರಿಗಳಲ್ಲಿ ನೆಲೆಯೂರಿತು. 2004ರಲ್ಲಿ ಫೈರ್‌ಫಾಕ್ಸ್, 2008ರಲ್ಲಿ ಗೂಗಲ್ ಕ್ರೋಮ್, 2015ರಲ್ಲಿ ಮೈಕ್ರೋಸಾಫ್ಟ್ ಎಡ್ಜ್ ಬಂದ ಮೇಲೆ ಚಿತ್ರ ಬದಲಾಯಿತು. ವಿಂಡೋಸ್ 10ರ ಸಾಮಾನ್ಯ ಬಳಕೆದಾರರಿಗೆ ಎಕ್ಸ್‌ಪ್ಲೋರರ್‌ನ ಬೆಂಬಲವನ್ನು 2022ರ ಜೂನ್ 15ರಂದು ಮೈಕ್ರೋಸಾಫ್ಟ್ ನಿಲ್ಲಿಸಿತು.

ಇಂದಿನ ಬ್ರೌಸರುಗಳ ಹೆಸರು ಹಲವಾದರೂ ಅವುಗಳ ಒಳಗಿನ ಎಂಜಿನ್ ಮುಖ್ಯವಾಗಿ ಮೂರೇ ಬಗೆ. ಕ್ರೋಮ್, 2020ರ ನಂತರದ ಎಡ್ಜ್, ಒಪೆರಾ, ಬ್ರೇವ್ ಇವೆಲ್ಲ ಬ್ಲಿಂಕ್ ಎಂಬ ಎಂಜಿನ್ ಬಳಸುತ್ತವೆ. ಫೈರ್‌ಫಾಕ್ಸ್ ಗೆಕ್ಕೊ ಎಂಬುದನ್ನೂ ಆಪಲ್ ಸಂಸ್ಥೆಯ ಸಫಾರಿ ವೆಬ್‌ಕಿಟ್ ಎಂಬುದನ್ನೂ ಬಳಸುತ್ತವೆ. ಇದನ್ನು ತಿಳಿದಿರುವುದು ವ್ಯಾಪಾರಸ್ಥರಿಗೆ ಉಪಯುಕ್ತ. ಒಂದು ತಾಣವು ಕ್ರೋಮ್‌ನಲ್ಲಿ ತೆರೆಯದಿದ್ದರೆ ಎಡ್ಜ್‌ನಲ್ಲಿಯೂ ತೆರೆಯದಿರುವ ಸಂಭವ ಹೆಚ್ಚು. ಆಗ ಬೇರೆ ಎಂಜಿನ್‌ನ ಫೈರ್‌ಫಾಕ್ಸ್‌ನಲ್ಲಿ ಪ್ರಯತ್ನಿಸುವುದು ಲೇಸು.

ಆಯ್ಕೆಯ ಮಾನದಂಡಗಳು

ಸಂಸ್ಥೆಯ ಬಳಕೆಗೆ ಬ್ರೌಸರ್ ಆರಿಸುವಾಗ ವೇಗಕ್ಕಿಂತ ಮುಖ್ಯವಾದ ಮೂರು ಅಂಶಗಳಿವೆ.

1. ನವೀಕರಣ: ಬ್ರೌಸರುಗಳಲ್ಲಿ ಆಗಾಗ್ಗೆ ಭದ್ರತಾ ಲೋಪಗಳು ಪತ್ತೆಯಾಗುತ್ತಿರುತ್ತವೆ. ತಯಾರಕರು ಅವುಗಳನ್ನು ಸರಿಪಡಿಸಿ ಹೊಸ ಆವೃತ್ತಿ ಬಿಡುಗಡೆ ಮಾಡುತ್ತಾರೆ. ಹಳೆಯ ಗಣಕಯಂತ್ರಗಳಿಗೆ ಈ ಸೌಲಭ್ಯ ನಿಂತುಹೋಗುತ್ತದೆ. ವಿಂಡೋಸ್ 7 ಮತ್ತು 8.1 ಇರುವ ಯಂತ್ರಗಳಿಗೆ ಕ್ರೋಮ್ 109 ಕಡೆಯ ಆವೃತ್ತಿಯಾಯಿತು. 2023ರ ಫೆಬ್ರವರಿಯಲ್ಲಿ ಬಂದ 110ನೆಯ ಆವೃತ್ತಿಯಿಂದ ಮುಂದಿನವು ಅವುಗಳಲ್ಲಿ ನಡೆಯುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಮುಗಿಯಿತು. ಬಿಲ್ಲಿಂಗ್‌ಗೆಂದು ಉಳಿಸಿಕೊಂಡ ಹಳೆಯ ಯಂತ್ರದಿಂದ ಬ್ಯಾಂಕ್ ವ್ಯವಹಾರ ಮಾಡುವುದು ಚಿಲಕವಿಲ್ಲದ ಬಾಗಿಲಿನ ಕೋಣೆಯಲ್ಲಿ ನಗದು ಎಣಿಸಿದಂತೆ.

2. ತಾಣಗಳೊಡನೆ ಹೊಂದಾಣಿಕೆ: ಸಂಸ್ಥೆಯು ಬಳಸುವ ತೆರಿಗೆ, ಬ್ಯಾಂಕ್ ಹಾಗೂ ಟೆಂಡರ್ ತಾಣಗಳ ಸಹಾಯ ಪುಟಗಳಲ್ಲಿ ಯಾವ ಬ್ರೌಸರ್, ಯಾವ ಆವೃತ್ತಿ ಎಂಬುದನ್ನು ಸಾಮಾನ್ಯವಾಗಿ ತಿಳಿಸಿರುತ್ತಾರೆ. ಅದನ್ನು ಮೊದಲೇ ಓದಿ ಪಟ್ಟಿ ಮಾಡಿಕೊಳ್ಳಬೇಕು. ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆಯುವ ಹಳೆಯ ತಾಣಗಳಿಗಾಗಿ ಎಡ್ಜ್‌ನಲ್ಲಿ ಐಇ ಮೋಡ್ ಎಂಬ ವ್ಯವಸ್ಥೆಯಿದೆ.

3. ಸಿಬ್ಬಂದಿಯ ಅನುಕೂಲ: ಕ್ರೋಮ್, ಎಡ್ಜ್ ಮತ್ತು ಫೈರ್‌ಫಾಕ್ಸ್ ಮೂರರಲ್ಲಿಯೂ ಆಜ್ಞೆಗಳನ್ನು ಕನ್ನಡದಲ್ಲಿ ಪಡೆಯಬಹುದು. ಇಂಗ್ಲಿಷ್ ಎಚ್ಚರಿಕೆಯನ್ನು ಅರ್ಥವಾಗದೆ ಒಪ್ಪಿಬಿಡುವ ಸಿಬ್ಬಂದಿಗೆ ಕನ್ನಡದ ಎಚ್ಚರಿಕೆ ಹೆಚ್ಚು ಪ್ರಯೋಜನಕಾರಿ.

ಎರಡು ಬ್ರೌಸರ್ ಪದ್ಧತಿ

ಈ ಮೂರರಲ್ಲಿ ಯಾವುದನ್ನು ಆರಿಸಿದರೂ ದೊಡ್ಡ ವ್ಯತ್ಯಾಸವಾಗದು. ಒಂದನ್ನೇ ಎಲ್ಲ ಕೆಲಸಕ್ಕೂ ಬಳಸುವುದರಲ್ಲಿ ಅಪಾಯವಿದೆ. ಸುದ್ದಿ, ಚಲನಚಿತ್ರ, ಉಚಿತ ತಂತ್ರಾಂಶ, ಅಪರಿಚಿತ ಇ-ಅಂಚೆಯ ಕೊಂಡಿ ಇವುಗಳನ್ನು ತೆರೆದ ಬ್ರೌಸರ್‌ನಲ್ಲಿಯೇ ಸಂಸ್ಥೆಯ ಚಾಲ್ತಿ ಖಾತೆಯನ್ನೂ ತೆರೆಯುವುದು ಸರಿಯಲ್ಲ. ಬ್ರೌಸರ್‌ಗೆ ಜೋಡಿಸುವ ಎಕ್ಸ್‌ಟೆನ್ಷನ್ ಎಂಬ ಕಿರು ತಂತ್ರಾಂಶಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಕೂಪನ್ ಹುಡುಕುವುದಕ್ಕೋ ಪಿಡಿಎಫ್ ಪರಿವರ್ತನೆಗೋ ಎಂದು ಹಾಕಿಕೊಂಡ ಎಕ್ಸ್‌ಟೆನ್ಷನ್, ನಾವು ನೀಡಿದ ಅನುಮತಿಯ ಬಲದಿಂದಲೇ ಎಲ್ಲ ತಾಣಗಳ ಪುಟಗಳನ್ನು ಓದಬಲ್ಲದು. ಬ್ಯಾಂಕ್ ಪುಟವೂ ಅದಕ್ಕೆ ಹೊರತಲ್ಲ.

ಆದ್ದರಿಂದ ಪ್ರತಿ ಸಂಸ್ಥೆಯೂ ಎರಡು ಬ್ರೌಸರ್ ಇಟ್ಟುಕೊಳ್ಳುವುದು ಕ್ಷೇಮ. ಒಂದು ಹಣ ಮತ್ತು ತೆರಿಗೆಯ ಕೆಲಸಕ್ಕೆ ಮಾತ್ರ. ಅದರಲ್ಲಿ ಯಾವ ಎಕ್ಸ್‌ಟೆನ್ಷನ್ ಕೂಡ ಇರಬಾರದು. ಸರ್ಕಾರಿ ತಾಣಗಳ ಹಾಗೂ ಬ್ಯಾಂಕಿನ ವಿಳಾಸಗಳನ್ನು ಬುಕ್‌ಮಾರ್ಕ್ ಮಾಡಿ, ಅವುಗಳ ಮೂಲಕವೇ ಪ್ರವೇಶಿಸಬೇಕು. ಉಳಿದೆಲ್ಲ ಕೆಲಸಕ್ಕೆ ಇನ್ನೊಂದು ಬ್ರೌಸರ್. ನಗದು ಪುಸ್ತಕ ಮತ್ತು ಕಚ್ಚಾ ಪುಸ್ತಕ ಬೇರೆಬೇರೆಯಾಗಿರುವಂತೆ ಈ ವಿಭಜನೆಯಿರಲಿ. ಎರಡೂ ಉಚಿತವಾಗಿ ದೊರೆಯುವುದರಿಂದ ಇದಕ್ಕೆ ಖರ್ಚೇನೂ ಇಲ್ಲ.

ಎರಡು ನೋಂದಣಿಗಳಿದ್ದಾಗ

ಕರ್ನಾಟಕದಲ್ಲೊಂದು, ತಮಿಳುನಾಡಿನಲ್ಲೊಂದು ಶಾಖೆಯಿರುವ ಸಂಸ್ಥೆಗೆ ಎರಡು ಜಿಎಸ್‌ಟಿ ನೋಂದಣಿಗಳಿರುತ್ತವೆ. ಒಂದೇ ಬ್ರೌಸರ್‌ನ ಎರಡು ಟ್ಯಾಬ್‌ಗಳಲ್ಲಿ ಎರಡನ್ನೂ ತೆರೆಯಲು ಯತ್ನಿಸಿದಾಗ ಮೊದಲನೆಯದು ಕಡಿದುಹೋಗುವುದು ಹಲವರ ಅನುಭವ. ಇದಕ್ಕೆ ಕಾರಣ ಕುಕೀ. ಪ್ರವೇಶ ಪಡೆದವರು ಯಾರೆಂದು ನೆನಪಿಡಲು ತಾಣವು ಬ್ರೌಸರ್‌ನಲ್ಲಿ ಇಡುವ ಗುರುತು ಚೀಟಿಯೇ ಕುಕೀ. ಎಲ್ಲ ಟ್ಯಾಬ್‌ಗಳಿಗೂ ಚೀಟಿ ಒಂದೇ ಆದ್ದರಿಂದ ಎರಡನೆಯ ಪ್ರವೇಶವು ಮೊದಲನೆಯದನ್ನು ಅಳಿಸುತ್ತದೆ. ಬ್ರೌಸರ್‌ನ ಪ್ರೊಫೈಲ್ ಸೌಲಭ್ಯದಲ್ಲಿ ಪ್ರತಿ ನೋಂದಣಿಗೂ ಒಂದೊಂದು ಪ್ರೊಫೈಲ್ ರಚಿಸಿಕೊಂಡರೆ ಚೀಟಿಗಳು ಬೇರೆಬೇರೆಯಾಗಿ ಉಳಿದು ಎರಡು ಕೆಲಸವೂ ಏಕಕಾಲದಲ್ಲಿ ಸಾಗುತ್ತವೆ. ಒಂದು ರಾಜ್ಯದ ಅಂಕಿಗಳನ್ನು ಮತ್ತೊಂದು ರಾಜ್ಯದ ವಿವರಪಟ್ಟಿಯಲ್ಲಿ ತುಂಬುವ ಪ್ರಮಾದವೂ ತಪ್ಪುತ್ತದೆ.

ಡಿಜಿಟಲ್ ಸಹಿಯ ತೊಡಕು

ಹಿಂದೆ ಡಿಜಿಟಲ್ ಸಹಿಗೆ ಬ್ರೌಸರ್‌ನೊಳಗೆ ಜಾವಾ ಬೇಕಾಗುತ್ತಿತ್ತು. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಅಂತಹ ಪ್ಲಗ್-ಇನ್‌ಗಳನ್ನು ಕೈಬಿಟ್ಟವು. ಈಗ ಸಹಿಯ ತಂತ್ರಾಂಶವು ಗಣಕಯಂತ್ರದಲ್ಲಿ ಪ್ರತ್ಯೇಕವಾಗಿ ನಡೆಯುತ್ತದೆ. ಬ್ರೌಸರ್ ಅದರೊಡನೆ ಸಂಪರ್ಕ ಮಾತ್ರ ಸಾಧಿಸುತ್ತದೆ. ಜಿಎಸ್‌ಟಿ ತಾಣಕ್ಕೆ ಬಳಸುವ ಇಎಂಸೈನರ್ ಇದಕ್ಕೆ ಉದಾಹರಣೆ. ಸಹಿ ಆಗದಿದ್ದಾಗ ಬ್ರೌಸರನ್ನು ಅಳಿಸಿ ಮತ್ತೆ ಹಾಕುವ ಬದಲು, ಆ ತಂತ್ರಾಂಶ ಚಾಲನೆಯಲ್ಲಿದೆಯೇ, ಟೋಕನ್ ಜೋಡಿಸಿದೆಯೇ, ಪ್ರಮಾಣಪತ್ರದ ಅವಧಿ ಮುಗಿದಿಲ್ಲವೇ ಎಂಬುದನ್ನು ಮೊದಲು ನೋಡಬೇಕು.

ಕಡೆಯ ದಿನದ ರಾತ್ರಿ ಈ ಪರೀಕ್ಷೆಗೆ ಇಳಿಯುವುದು ದುಬಾರಿ. ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಕೆಗೆ ಮುಂದಿನ ತಿಂಗಳ 20 ಕಡೆಯ ದಿನ. ನಗದಾಗಿ ಪಾವತಿಸಬೇಕಾದ ತೆರಿಗೆ 2,00,000 ರೂ. ಇದ್ದು 10 ದಿನ ತಡವಾಯಿತೆನ್ನೋಣ. ದಿನಕ್ಕೆ 50 ರೂ. ನಂತೆ ವಿಳಂಬ ಶುಲ್ಕ 500 ರೂ., ಶೇ. 18ರಂತೆ ಬಡ್ಡಿ ಸುಮಾರು 986 ರೂ., ಒಟ್ಟು 1,486 ರೂ. ಜಿಎಸ್‌ಟಿಆರ್-1 ತಡವಾದರೆ ನಷ್ಟ ಇನ್ನೂ ದೊಡ್ಡದು. 11ರೊಳಗೆ ಸಲ್ಲಿಸದ ಬಿಲ್ಲುಗಳು ಆ ತಿಂಗಳಿನ ಖರೀದಿದಾರನ ಜಿಎಸ್‌ಟಿಆರ್-2ಬಿ ಪಟ್ಟಿಗೆ ಬರುವುದಿಲ್ಲ. ಹೂಡುವಳಿ ತೆರಿಗೆ ಜಮೆ ಸಿಗದ ಗ್ರಾಹಕನು ಹಣ ತಡೆಹಿಡಿದರೆ ಆಶ್ಚರ್ಯವಿಲ್ಲ.

ವಿಳಾಸವನ್ನು ಓದುವ ಕ್ರಮ

ಬೀಗದ ಚಿಹ್ನೆಯಿದ್ದರೆ ತಾಣ ಅಸಲಿ ಎಂಬ ನಂಬಿಕೆ ಬಹಳ ಜನರಲ್ಲಿದೆ. ಇದು ತಪ್ಪು. ನಮಗೂ ಆ ತಾಣಕ್ಕೂ ನಡುವಣ ಸಂವಹನವನ್ನು ಮೂರನೆಯವರು ಓದಲಾರರು ಎಂಬುದಷ್ಟೇ ಅದರ ಅರ್ಥ. ವಂಚಕನ ತಾಣಕ್ಕೂ ಬೀಗ ಇರಬಹುದು. ಈ ತಪ್ಪು ಕಲ್ಪನೆಯ ಕಾರಣದಿಂದಲೇ ಕ್ರೋಮ್ 2023ರಲ್ಲಿ ವಿಳಾಸಪಟ್ಟಿಯ ಬೀಗದ ಚಿಹ್ನೆಯನ್ನು ಬದಲಾಯಿಸಿತು.

ತಾಣದ ವಿಳಾಸವನ್ನು ಅಂಚೆ ಲಕೋಟೆಯಂತೆ ಕೊನೆಯಿಂದ ಓದಬೇಕು. ಲಕೋಟೆಯಲ್ಲಿ ಹೆಸರು ಏನೇ ಇರಲಿ, ಪತ್ರ ಯಾವ ಊರಿಗೆ ಹೋಗುವುದೆಂದು ನಿರ್ಧರಿಸುವುದು ಕಡೆಯ ಸಾಲು. ಹಾಗೆಯೇ ಮೊದಲ ಒಂಟಿ ಓರೆಗೆರೆಗೆ ಮುಂಚೆ ಬರುವ ಕಡೆಯ ಭಾಗವೇ ಮುಖ್ಯ. ಅದು ಜಿಎಸ್‌ಟಿ ಡಾಟ್ ಜಿಒವಿ ಡಾಟ್ ಇನ್ ಎಂದು ಮುಗಿದರೆ ಸರ್ಕಾರಿ ತಾಣ. ಅದೇ ಅಕ್ಷರಗಳ ನಂತರ ಮತ್ತೊಂದು ಹೆಸರು ಬಂದು ಡಾಟ್ ಕಾಮ್ ಎಂದು ಮುಗಿದರೆ ಅದು ಪರರ ಮನೆ. ಬ್ಯಾಂಕುಗಳ ವಿಷಯದಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಈ ಪರಿಶೀಲನೆಯನ್ನು ಸುಲಭಗೊಳಿಸಿದೆ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ಅದು ನಿರ್ದೇಶಿಸಿತು. ಬ್ಯಾಂಕಿನ ಹೆಸರನ್ನು ಶೋಧಯಂತ್ರದಲ್ಲಿ ಹುಡುಕಿ, ಮೊದಲು ಕಂಡ ಜಾಹೀರಾತನ್ನು ಒತ್ತುವ ಅಭ್ಯಾಸವನ್ನು ಕೂಡಲೇ ಬಿಡತಕ್ಕದ್ದು.

ಪಾಸ್‌ವರ್ಡ್‌ಗಳ ವಿಚಾರ

ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಉಳಿಸುವುದರಿಂದ ಒಂದು ಲಾಭವಿದೆ. ಉಳಿಸಿದ ವಿಳಾಸಕ್ಕೂ ಎದುರಿಗಿರುವ ತಾಣಕ್ಕೂ ಹೊಂದದಿದ್ದರೆ ಬ್ರೌಸರ್ ತಾನಾಗಿ ಅದನ್ನು ತುಂಬುವುದಿಲ್ಲ. ಆ ಮೌನವೇ ಎಚ್ಚರಿಕೆ. ಆದರೆ ಮೂರು ಮಂದಿ ಒಂದೇ ಯಂತ್ರ ಬಳಸುವ ಅಂಗಡಿಯಲ್ಲಿ, ಯಂತ್ರದ ಮುಂದೆ ಕುಳಿತ ಯಾರಾದರೂ ಉಳಿಸಿದ ಪಾಸ್‌ವರ್ಡ್‌ಗಳನ್ನು ಬಳಸಿಕೊಳ್ಳುವ ಸಾಧ್ಯತೆಯಿದೆ. ಅಂತಹ ಕಡೆ ಪ್ರತಿಯೊಬ್ಬರಿಗೂ ಪ್ರತ್ಯೇಕ ವಿಂಡೋಸ್ ಖಾತೆ ಮಾಡಿಕೊಡಬೇಕು. ಇಲ್ಲವೇ ಫೈರ್‌ಫಾಕ್ಸ್‌ನಲ್ಲಿ ಪ್ರಧಾನ ಪಾಸ್‌ವರ್ಡ್ ಹಾಕಬೇಕು. ಬ್ಯಾಂಕಿನ ಪಾಸ್‌ವರ್ಡನ್ನು ಎಲ್ಲಿಯೂ ಉಳಿಸದಿರುವುದೇ ಉತ್ತಮ. ನೌಕರರು ಕೆಲಸ ಬಿಟ್ಟ ದಿನವೇ ಅವರಿಗೆ ತಿಳಿದಿದ್ದ ಪಾಸ್‌ವರ್ಡ್‌ಗಳನ್ನು ಬದಲಾಯಿಸುವುದು ಬೀಗದ ಕೈ ಹಿಂಪಡೆದಷ್ಟೇ ಅವಶ್ಯ.

ದಿನನಿತ್ಯದ ಕೆಲವು ಅನುಕೂಲಗಳು

ಅ) ಕಂಟ್ರೋಲ್ ಕೀಲಿಯೊಡನೆ ಎಫ್ ಒತ್ತಿದರೆ ದೀರ್ಘ ಅಧಿಸೂಚನೆಯಲ್ಲಿಯೂ ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕಬಹುದು.

ಆ) ಕೈತಪ್ಪಿ ಮುಚ್ಚಿದ ಟ್ಯಾಬನ್ನು ಕಂಟ್ರೋಲ್, ಶಿಫ್ಟ್ ಮತ್ತು ಟಿ ಒಟ್ಟಿಗೆ ಒತ್ತಿ ಮರಳಿ ಪಡೆಯಬಹುದು.

ಇ) ತಾಣವು ಹಳೆಯ ಅಂಕಿಗಳನ್ನೇ ತೋರಿಸುತ್ತಿದ್ದರೆ ಕಂಟ್ರೋಲ್ ಮತ್ತು ಎಫ್5 ಒತ್ತಿ ಪುಟವನ್ನು ಹೊಸದಾಗಿ ತರಿಸಬಹುದು.

ಈ) ಕಂಟ್ರೋಲ್ ಮತ್ತು ಪಿ ಒತ್ತಿ, ಮುದ್ರಕದ ಬದಲು ಪಿಡಿಎಫ್ ಆರಿಸಿದರೆ ಸ್ವೀಕೃತಿ ಪುಟ ಕಡತವಾಗಿ ಉಳಿಯುತ್ತದೆ. ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಕಡೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. ಚಲನ್ ಹಾಗೂ ಸ್ವೀಕೃತಿಗಳನ್ನು ವರ್ಷ ಮತ್ತು ತಿಂಗಳಿನ ಹೆಸರಿನಲ್ಲಿ ಉಳಿಸುವ ಅಭ್ಯಾಸ ತಪಾಸಣೆಯ ಸಮಯದಲ್ಲಿ ಉಪಕಾರಿ.

ಮೋಸ ನಡೆದಾಗ

ಎಷ್ಟೇ ಎಚ್ಚರವಿದ್ದರೂ ಹಣ ಹೋದರೆ ಕ್ಷಣವೂ ವ್ಯರ್ಥವಾಗಬಾರದು. ಮೊದಲು ಬ್ಯಾಂಕಿಗೆ, ಕೂಡಲೇ 1930 ಸಹಾಯವಾಣಿಗೆ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಲೋಪವು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ಬೇರೆಡೆ ಇದ್ದಾಗ, ಬ್ಯಾಂಕಿನ ಸಂದೇಶ ತಲುಪಿದ 3 ಕಾರ್ಯದಿನಗಳೊಳಗೆ ವರದಿ ಮಾಡಿದ ಗ್ರಾಹಕನಿಗೆ ಹೊಣೆಯಿಲ್ಲ. ಆದರೆ ಗ್ರಾಹಕನೇ ಗುಪ್ತ ವಿವರ ಬಿಟ್ಟುಕೊಟ್ಟ ಸಂದರ್ಭದಲ್ಲಿ, ವರದಿ ಮಾಡುವವರೆಗಿನ ಸಂಪೂರ್ಣ ನಷ್ಟ ಅವನದೇ ಎಂದೂ ಅದೇ ಸುತ್ತೋಲೆ ಹೇಳುತ್ತದೆ. ನಕಲಿ ತಾಣದಲ್ಲಿ ಪಾಸ್‌ವರ್ಡ್ ತುಂಬುವುದು ಏಕೆ ಅಷ್ಟು ದುಬಾರಿ ಎಂಬುದು ಇದರಿಂದ ಸ್ಪಷ್ಟ.

ಮೇಲಿನ ಕ್ರಮಗಳಲ್ಲಿ ಯಾವುದಕ್ಕೂ ತಜ್ಞರ ನೆರವು ಬೇಕಿಲ್ಲ. ಒಂದು ಮಧ್ಯಾಹ್ನದಲ್ಲಿ ಎರಡನೆಯ ಬ್ರೌಸರ್ ಅಳವಡಿಸಿ, ಬುಕ್‌ಮಾರ್ಕ್‌ಗಳನ್ನು ಮಾಡಿ, ಅನಗತ್ಯ ಎಕ್ಸ್‌ಟೆನ್ಷನ್‌ಗಳನ್ನು ತೆಗೆದುಹಾಕಿ, ಸಿಬ್ಬಂದಿಗೆ ವಿಳಾಸ ಓದುವ ಕ್ರಮವನ್ನು ಹೇಳಿಕೊಡಬಹುದು. ಆ ಮಧ್ಯಾಹ್ನವು ಮುಂದಿನ 20ನೆಯ ತಾರೀಖಿಗೆ ಒಂದು ವಾರ ಮುಂಚೆಯೇ ಬರಲಿ.