ಜುಲೈ ಒಂದಕ್ಕೆ ಬಾಗಿಲು ಹಾಕಿದ ಪಡಖಾನೆಗಳು

ಮೈಸೂರಿನಿಂದ ಇಪ್ಪತ್ಮೂರು ಕಿಲೋಮೀಟರ್ ದಕ್ಷಿಣಕ್ಕೆ ಹೋದರೆ ನಂಜನಗೂಡು. ಇನ್ನೊಂದು ದಿಕ್ಕಿಗೆ ಮೂವತ್ತು ಕಿಲೋಮೀಟರ್ ಹೋದರೆ ತಿರುಮಕೂಡಲು ನರಸೀಪುರ, ಬಸ್ಸಿನ ಬೋರ್ಡಿನಲ್ಲಿ ಟಿ. ನರಸೀಪುರ. ಎರಡೂ ಊರಿಗೆ ಒಂದೇ ಹೊಳೆ. ನಂಜನಗೂಡಿನ ಸ್ನಾನಘಟ್ಟ ದಾಟಿದ ಕಪಿಲೆ ಸುತ್ತೂರಿನ ಮಗ್ಗುಲಲ್ಲೇ ಹಾದು ನರಸೀಪುರದಲ್ಲಿ ಕಾವೇರಿ ಸೇರುತ್ತಾಳೆ. ಹೆದ್ದಾರಿಯೂ ಒಂದೇ. ಕೋಯಿಕ್ಕೋಡಿನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ನರಸೀಪುರ ಮುಟ್ಟಿ ಕೊಳ್ಳೇಗಾಲದಲ್ಲಿ ನಿಲ್ಲುವ ರಾಷ್ಟ್ರೀಯ ಹೆದ್ದಾರಿ 766. ಹಳಬರಿಗೆ ಅದು ಇನ್ನೂ 212.

ಶ್ರೀಕಂಠೇಶ್ವರನ ದೊಡ್ಡ ತೇರು, ರಸಬಾಳೆ, ಹಲ್ಲುಪುಡಿ, ಗುಂಜಾ ನರಸಿಂಹಸ್ವಾಮಿ, ಸಂಗಮದ ಕುಂಭಮೇಳ, ಇವುಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಆದರೆ ಈ ಎರಡೂ ತಾಲ್ಲೂಕಿನ ಗಂಡಸರು ಸಂಜೆ ಹೊತ್ತು ಎಲ್ಲಿ ಕೂರುತ್ತಿದ್ದರು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಬೆಂಗಳೂರಿನಲ್ಲೊಂದು ಹಳೇ ಪಬ್ ಮುಚ್ಚಿದರೆ ಪತ್ರಿಕೆಯಲ್ಲಿ ಅರ್ಧ ಪುಟ ನೆನಪು ಬರುತ್ತದೆ. ನಮ್ಮ ಪಡಖಾನೆಗಳಿಗೆ ಬೋರ್ಡೇ ಇರಲಿಲ್ಲ. 'ಹೊಳೆ ದಾರಿದು', 'ಹುಣಸೇಮರದ್ದು', 'ಸಂತೆಮಾಳದ್ದು' ಎಂದರೆ ಸಾಕಿತ್ತು. ಬೋರ್ಡಿಲ್ಲದ್ದು ಮುಚ್ಚಿದರೆ ಸುದ್ದಿಯಾಗುವುದಿಲ್ಲ.

ಮೊದಲು ಹೋದದ್ದು ಹೆಂಡ. ಹಳ್ಳದ ದಂಡೆ, ಕೆರೆ ಏರಿಗಳಲ್ಲಿ ತಾವಾಗಿ ಎದ್ದ ಈಚಲು ಮರಗಳೇ ಅದರ ಕಾರ್ಖಾನೆ. ಬೆಳಕು ಹರಿಯುವ ಮುಂಚೆ ಇಳಿಸಿದ್ದು ಸಿಹಿ, ಹೊತ್ತು ಏರಿದಂತೆ ಹುಳಿ, ಮಧ್ಯಾಹ್ನ ದಾಟಿದರೆ ಮಡಕೆಯ ಬಾಯಲ್ಲಿ ನೊರೆ. ನೊರೆಯ ಮೇಲೆ ಕೂತ ನೊಣವನ್ನು ಉಫ್ ಎಂದು ಊದಿ ಕುಡಿಯುವುದೇ ಒಂದು ಅಭ್ಯಾಸ. ಕನ್ನಡದ ಅತಿ ಪ್ರಸಿದ್ಧ ಕುಡುಕ, ಜಿ.ಪಿ. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನ, ಇಂಥ ಅಂಗಡಿಯವನೇ ಹೊರತು ಬಾರಿನವನಲ್ಲ. ಆಮೇಲೆ ಹೆಂಡಕ್ಕೆ ಪುಡಿ ಬೆರೆಸುತ್ತಾರೆ ಎಂಬ ದೂರು ಹೆಚ್ಚಿತು. ಮರದಿಂದ ಇಳಿದದ್ದಕ್ಕಿಂತ ಅಂಗಡಿಯಲ್ಲಿ ಮಾರಿದ್ದೇ ಜಾಸ್ತಿಯಾದರೆ ಅನುಮಾನ ಬರದೆ ಇರುತ್ತದೆಯೇ? ಕರಾವಳಿಯಲ್ಲಿ ಸೇಂದಿ ಉಳಿಯಿತು, ನಮ್ಮ ಕಡೆ ನಿಂತಿತು.

ಉಳಿದದ್ದು ಸಾರಾಯಿ. ನಾನು ಕಣ್ಣಾರೆ ಕಂಡ ಪಡಖಾನೆ ಇದೇ. ಒಂದು ಶೀಟಿನ ಮನೆ, ಕಬ್ಬಿಣದ ಜಾಲರಿ, ಜಾಲರಿಯಲ್ಲಿ ಕೈ ತೂರುವಷ್ಟು ಕಿಂಡಿ. ಕಿಂಡಿಯಿಂದ ಈಚೆ ಬಂದ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಲ್ಲಿ ಕಚ್ಚಿ, ಹರಿದ ಚೂರನ್ನು ಪಕ್ಕಕ್ಕೆ ಉಗಿದು, ಸ್ಟೀಲ್ ಲೋಟಕ್ಕೆ ಹಿಂಡಿಕೊಳ್ಳಬೇಕು. ಅವಸರದವರಿಗೆ ಲೋಟವೂ ಬೇಡ. ಗೋಡೆಗೆ ಒರಗಿಸಿದ ಬೆಂಚು, ನೆಲಕ್ಕೆ ಮರಳು. ಮಳೆ ಬಂದರೆ ಖಾಲಿ ಪ್ಯಾಕೆಟ್ಟುಗಳು ಚರಂಡಿ ಕಟ್ಟಿ ನೀರು ರಸ್ತೆಗೆ ಬರುತ್ತಿತ್ತು.

ಬಾಗಿಲ ಆಚೆ ಇನ್ನೊಂದು ಅಂಗಡಿ ಇರುತ್ತಿತ್ತು. ಅಂಗಡಿ ಎಂದರೆ ಒಂದು ಸೀಮೆಎಣ್ಣೆ ಸ್ಟೌ, ಎರಡು ಪಾತ್ರೆ, ಒಬ್ಬಳು ಹೆಂಗಸು. ಬೋಟಿ ಗೊಜ್ಜು, ಬೇಯಿಸಿದ ಮೊಟ್ಟೆ, ಹುರುಳಿಕಾಳಿನ ಉಸ್ಲಿ. ಬನ್ನೂರು ಕುರಿಯ ಸೀಮೆ ಇದು. ಒಳ್ಳೆ ತೊಡೆ ಮಾಂಸ ಪೇಟೆಯ ಹೋಟೆಲಿಗೆ ಹೋದರೆ ಕರುಳು, ತಲೆ, ಕಾಲು ಪಡಖಾನೆಯ ಪಾಲಿಗೆ ಬರುತ್ತಿತ್ತು. ಮೆಣಸು ಧಾರಾಳವಾಗಿ ಅರೆದ ಆ ಗೊಜ್ಜಿನ ರುಚಿ ಇವತ್ತು ಯಾವ ಬಾರಿನ ಸೈಡ್ಸ್‌ಗೂ ಇಲ್ಲ ಎಂದು ಹೇಳಿದರೆ, ವಯಸ್ಸಾದವನ ಮಾತು ಎಂದು ತಳ್ಳಿಹಾಕಬೇಡಿ. ಕುಡಿಯದವರೂ ಬಟ್ಟಲು ಕೊಟ್ಟು ಕಳಿಸಿ ಅದನ್ನು ತರಿಸುತ್ತಿದ್ದರು. ನಮ್ಮ ಮನೆಯಿಂದ ಬಟ್ಟಲು ಹಿಡಿದು ಹೋಗುತ್ತಿದ್ದವನು ನಾನೇ.

ಅಬಕಾರಿ ಇಲಾಖೆಗೆ ಯುಗಾದಿ ಬರುವುದು ಜುಲೈ 1ಕ್ಕೆ. ಪರವಾನಗಿಗಳ ವರ್ಷ ಶುರುವಾಗುವುದು ಆವತ್ತು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಹಣಕಾಸು ಹೊತ್ತ ಉಪಮುಖ್ಯಮಂತ್ರಿಯಾಗಿದ್ದಾಗ ಬಜೆಟ್ಟಿನಲ್ಲಿ ಘೋಷಿಸಿದಂತೆ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಕಿಂಡಿಗೆ ಹಲಗೆ ಬಿತ್ತು. ಗುತ್ತಿಗೆದಾರರಲ್ಲಿ ಕೆಲವರು ಬೇರೆ ವ್ಯವಹಾರ ಹಿಡಿದರು, ಕೆಲವರು ರಾಜಕೀಯ ಹಿಡಿದರು. ಬೋಟಿ ಮಾರುತ್ತಿದ್ದ ಹೆಂಗಸರ ಲೆಕ್ಕ ಮಾತ್ರ ಯಾರೂ ಇಡಲಿಲ್ಲ.

ಸಾರಾಯಿ ಹೋದದ್ದಕ್ಕೆ ನನಗೆ ದುಃಖವಿಲ್ಲ. ಬಟವಾಡೆಯ ದಿನ ಕೂಲಿ ಹಣ ಮನೆ ತಲುಪುವ ಮುಂಚೆ ಎಲ್ಲಿ ಕರಗುತ್ತಿತ್ತು ಎಂಬುದನ್ನು ನೋಡಿ ಬೆಳೆದವರು ನಾವು. ಆದರೆ ನಮ್ಮಜ್ಜಿ ಹೇಳುತ್ತಿದ್ದ ಮಾತು ಬೇರೆಯಿತ್ತು: "ಆಗ ಎಲ್ಲವ್ನೆ ಅಂತ ಗೊತ್ತಿತ್ತು ಕಣಪ್ಪ, ಹೋಗಿ ರಟ್ಟೆ ಹಿಡ್ದು ಎಳ್ಕಬತ್ತಿದ್ದೆ. ಈಗ ಎಲ್ ಅಂತ ಹುಡುಕ್ಲಿ?" ಪಡಖಾನೆಗೆ ಒಂದು ಜಾಗವಿತ್ತು, ಹೊತ್ತಿತ್ತು, ಊರಿನ ಕಣ್ಣಿತ್ತು. ಮುಚ್ಚಿದ ಮೇಲೆ ಕುಡಿತ ನಿಲ್ಲಲಿಲ್ಲ, ಚೆದುರಿತು. ಪೇಟೆಯಿಂದ ಬೈಕಿನಲ್ಲಿ ಹೊರಟ ಟೆಟ್ರಾ ಪ್ಯಾಕ್ ಹಳ್ಳಿಯ ಚಿಲ್ಲರೆ ಅಂಗಡಿಯ ಬೆಲ್ಲದ ಡಬ್ಬದ ಹಿಂದೆ ಸೇರಿತು. ಅಕ್ರಮ ಮದ್ಯ ನಿಲ್ಲಿಸಿ ಎಂದು ಹೆಂಗಸರು ಪೊರಕೆ ಹಿಡಿದು ಪ್ರತಿಭಟಿಸುವ ಸುದ್ದಿ ಇವತ್ತಿಗೂ ಬರುತ್ತಿದೆ. ಸಾರಾಯಿ ನಿಂತು ವರ್ಷ ತುಂಬುವುದರೊಳಗೆ, 2008ರ ಮೇನಲ್ಲಿ, ಬೆಂಗಳೂರು ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು.

ಸರಿಯಾಗಿ ಹತ್ತು ವರ್ಷಕ್ಕೆ ಇನ್ನೊಂದು ಜುಲೈ 1 ಬಂತು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಆದೇಶಿಸಿತ್ತು. ಜನಸಂಖ್ಯೆ 20,000 ಮೀರದ ಊರಿಗೆ ಆಮೇಲೆ ಅದು 220 ಮೀಟರ್ ಆಯಿತು. ನಮ್ಮಲ್ಲಿ ಪರವಾನಗಿ ಮುಗಿಯುವುದು ಜೂನ್ 30ಕ್ಕೆ, ಹಾಗಾಗಿ ಬಿಸಿ ತಟ್ಟಿದ್ದು 2017ರ ಜುಲೈಗೆ. ನಂಜನಗೂಡಿನಲ್ಲಿ ಏಪ್ರಿಲ್ 9ರ ಉಪಚುನಾವಣೆಯ ಗದ್ದಲ ಮುಗಿದು ಮೂರು ತಿಂಗಳೂ ಆಗಿರಲಿಲ್ಲ. ಹೆದ್ದಾರಿ ನೆಚ್ಚಿಕೊಂಡೇ ಬೆಳೆದ ಊರುಗಳಿಗೆ 500 ಮೀಟರ್ ಎಂದರೆ ಏನುಳಿಯಿತು? ಕೇರಳದ ಉತ್ತರ ಪರವೂರಿನ ಬಾರೊಂದು ಮುಂದಿನ ಜಾಗದಲ್ಲಿ ಸುತ್ತುಗೋಡೆ ಕಟ್ಟಿ, ಗಿರಾಕಿ ಸುತ್ತಿ ಸುತ್ತಿ ನಡೆಯುವಂತೆ ಮಾಡಿ ದೂರ ಹೆಚ್ಚಿಸಿಕೊಂಡದ್ದನ್ನು ಇಲ್ಲಿನವರು ಮೊಬೈಲಿನಲ್ಲಿ ನೋಡಿ ನಕ್ಕರು. ಪಟ್ಟಣದ ಮಿತಿಯೊಳಗೆ ಈ ಆದೇಶ ಅನ್ವಯಿಸದು ಎಂದು ಅದೇ ಜುಲೈ 11ರಂದು ಕೋರ್ಟ್ ಸ್ಪಷ್ಟಪಡಿಸಿದ ಮೇಲೆ ಪೇಟೆಯ ಬಾರುಗಳಿಗೆ ಉಸಿರು ಬಂತು.

ಹಾಗೆ ಉಳಿದವು ಈಗಿನವು. ಲೈಸೆನ್ಸಿನ ಭಾಷೆಯಲ್ಲಿ ಸಿಎಲ್-9 ಎಂದರೆ ಬಾರ್ ಅಂಡ್ ರೆಸ್ಟೋರೆಂಟ್, ಸಿಎಲ್-2 ಎಂದರೆ ಬಾಟಲಿ ಕೊಂಡು ಹೋಗುವ ಅಂಗಡಿ. ಜನರ ಭಾಷೆಯಲ್ಲಿ ಎರಡನೆಯದು 'ಎಂಆರ್‌ಪಿ'. ಅಲ್ಲಿ ಕುಡಿಯುವಂತಿಲ್ಲ, ಆದ್ದರಿಂದ ಕೂರಲು ಏನೂ ಇಲ್ಲ. ಪ್ಲಾಸ್ಟಿಕ್ ಲೋಟ ಮತ್ತು ನೀರಿನ ಪ್ಯಾಕೆಟ್ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ. ಕುಡಿಯುವುದು ಗೋಡೆಯ ಮರೆಯಲ್ಲಿ, ನಿಂತುಕೊಂಡು, ಐದೇ ನಿಮಿಷದಲ್ಲಿ. ನಮ್ಮ ಕಡೆಯ ಹಿರಿಯರೊಬ್ಬರು ಇದನ್ನು ಸರಿಯಾಗಿ ಹಿಡಿದರು: "ಆಗ ಕುಂತು ಕುಡೀತಿದ್ದೋ ಸ್ವಾಮಿ. ಈಗ ನಿಂತು ಕುಡ್ದು, ಆಮೇಲೆ ಕುಂತ್ಕತೀವಿ, ಚರಂಡಿ ತಾವು."

ಕೂರುವ ಬೆಂಚು ಹೋಯಿತೇ ಹೊರತು ಸರಕಿಗೆ ಬರವಿಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಯುನೈಟೆಡ್ ಬ್ರೂವರೀಸ್‌ನ ಬಿಯರ್ ಘಟಕವಿದೆ. ಅದೇ ತಾಲ್ಲೂಕಿನ ಅಳಗಂಚಿಯಲ್ಲಿ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆಗೆ ಡಿಸ್ಟಿಲರಿಯೂ ಇದೆ. ನಂಜನ್ನು ಉಂಡವನ ಊರಲ್ಲವೇ, ನಡೆಯುತ್ತದೆ.

ಹಳೇ ಪಡಖಾನೆಗಳ ಜಾಗ ತೋರಿಸಿ ಎಂದರೆ ತೋರಿಸಲು ಹೆಚ್ಚೇನೂ ಇಲ್ಲ. ನಾನು ಬಟ್ಟಲು ಹಿಡಿದು ಹೋಗುತ್ತಿದ್ದ ಕಡೆ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ಗುರುತು ಉಳಿದಿರುವುದು ಊರ ಹೊರಗೆ. ಕಪಿಲೆಯ ಬಯಲಿನ ಹಳ್ಳದ ಅಂಚಿನಲ್ಲಿ ಈಚಲು ಮರ ಕಂಡರೆ ಹತ್ತಿರ ಹೋಗಿ ನೋಡಿ. ಹೆಂಡ ಇಳಿಸುವವರು ಒಂದು ವರ್ಷ ಮರದ ಈ ಮಗ್ಗುಲು ಕೆತ್ತಿದರೆ ಮರುವರ್ಷ ಆ ಮಗ್ಗುಲು ಕೆತ್ತುತ್ತಿದ್ದರು, ಅದಕ್ಕೇ ಕಾಂಡ ಅಂಕುಡೊಂಕು. ಒಂದೊಂದು ಕಚ್ಚು ಒಂದೊಂದು ವರ್ಷ. ಬುಡದಿಂದ ಎಣಿಸಿಕೊಂಡು ಹೋದರೆ ಕೊನೆಯ ಕಚ್ಚು ಸಿಗುತ್ತದೆ. ಅಲ್ಲಿಂದ ಮೇಲಕ್ಕೆ ಮರ ನೆಟ್ಟಗೆ ಬೆಳೆದಿದೆ.